ಬಿಸಿಲಲ್ಲಿ ದುಡಿಯುವವರಿಗೂ ‘ಡಿ’ ಕಡಿಮೆಯೇ?

ಹೋದ ಮಳೆಗಾಲದಲ್ಲಿ ನಮ್ಮ ದೊಡ್ಡವ್ವನಿಗೆ ನೆಲದಿಂದ ಏಳುವುದೇ ಕಷ್ಟವಾಯಿತು. ವಯಸ್ಸು 68. ನಾಟಿ ಮುಗಿದ ಮೇಲೆ ತೊಡೆ, ಸೊಂಟ, ಪಕ್ಕೆಲುಬು ಎಲ್ಲ ಕಡೆ ನೋವು. ‘ವಾತ ಆಗೇತಿ’ ಎಂದು ಎಣ್ಣೆ ಹಚ್ಚಿ ತಿಂಗಳು ಕಳೆದರು. ಕಡೆಗೆ ಖಾನಾಪುರದಿಂದ ಬಸ್ಸು ಹತ್ತಿಸಿ ಬೆಳಗಾವಿಗೆ ಕರೆದೊಯ್ದೆವು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಡಿ ವಿಟಮಿನ್ 9 ಇತ್ತು. ಕನಿಷ್ಠ 20 ಇರಬೇಕು ಎಂದರು. ವಾರಕ್ಕೊಂದರಂತೆ ಎಂಟು ವಾರ ಹಾಲಿನಲ್ಲಿ ಕಲಸಿ ಕುಡಿಯಲು ಪುಡಿಯ ಪೊಟ್ಟಣ ಬರೆದುಕೊಟ್ಟರು.

ಐದಾರು ವಾರದಲ್ಲಿ ದೊಡ್ಡವ್ವ ತಾನೇ ಎದ್ದು ಕೊಟ್ಟಿಗೆಗೆ ಹೋಗತೊಡಗಿದಳು. ‘ಕಾಲಿಗೆ ಜೀವ ಬಂತು ನೋಡ’ ಎಂದಳು. ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ನಾವು ಯೂರಿಯಾ ಹಾಕುವ ಜನ. ಒಂದು ಚೀಲಕ್ಕೆ ಇಷ್ಟು ಹಸಿರಾದರೆ ಎರಡು ಚೀಲಕ್ಕೆ ಎಷ್ಟಾದೀತು ಎಂಬುದು ನಮ್ಮ ಲೆಕ್ಕ. ದೊಡ್ಡವ್ವನದೂ ಅದೇ ಲೆಕ್ಕ. ‘ವಾರಕ್ಕೊಂದು ತಗೊಂಡರ ಇಷ್ಟ ಆರಾಮ ಆತು, ದಿನಾ ಒಂದು ತಗೊಂಡರ ಹೆಂಗಾದೀತು?’ ಅಂಗಡಿಯವರು ಚೀಟಿ ಕೇಳಲಿಲ್ಲ. ಪೇಟೆಗೆ ಹೋದವರೆಲ್ಲ ಒಂದೊಂದು ಡಬ್ಬಿ ತಂದುಕೊಟ್ಟರು. ಎರಡು ತಿಂಗಳು ದಿನಾ ಒಂದು ಪೊಟ್ಟಣ. ದೀಪಾವಳಿ ಮುಗಿದ ಮೇಲೆ ವಾಂತಿ ಶುರುವಾಯಿತು. ಮಲಬದ್ಧತೆ, ಎಷ್ಟು ನೀರು ಕುಡಿದರೂ ತೀರದ ನೀರಡಿಕೆ, ರಾತ್ರಿಯೆಲ್ಲ ಮೂತ್ರಕ್ಕೆ ಏಳುವುದು. ಆಮೇಲೆ ಮಾತು ತಪ್ಪತೊಡಗಿತು, ಮಗನನ್ನೇ ‘ಯಾರು ನೀ?’ ಎಂದು ಕೇಳಿದಳು. ಮತ್ತೆ ಬೆಳಗಾವಿ. ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿ ಏರಿತ್ತು. ಹತ್ತು ದಿನ ಸಲೈನ್ ಹಾಕಿ ಇಳಿಸಿದರು. ಬದುಕಿ ಬಂದಳು ಅನ್ನುವುದೇ ಸಮಾಧಾನ.

ಒಂದೇ ಪುಡಿ ಒಬ್ಬಳನ್ನೇ ಮೊದಲು ನಡೆಸಿತು, ಆಮೇಲೆ ಮಲಗಿಸಿತು. ಇದು ಏನು, ಎಷ್ಟು, ಯಾರಿಗೆ ಎಂದು ವೈದ್ಯ ಗೆಳೆಯರನ್ನು ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಈಗ ನಮ್ಮ ಊರುಗಳಲ್ಲಿ ಮಂಡಿನೋವಿಗೂ ಡಿ, ಸಕ್ಕರೆ ಕಾಯಿಲೆಗೂ ಡಿ, ಸುಸ್ತಿಗೂ ಡಿ. ಮನೆಗೊಂದು ಪೊಟ್ಟಣ ಇದ್ದೇ ಇರುತ್ತದೆ.

ಕೊಟ್ಟಿಗೆಯಿಂದ ಶುರುಮಾಡೋಣ

ಹೆಚ್ಚು ಹಾಲು ಕೊಡುವ ಆಕಳು ಕರು ಹಾಕಿದ ಒಂದೆರಡು ದಿನದಲ್ಲಿ ಕುಸಿದು, ಕತ್ತು ಪಕ್ಕಕ್ಕೆ ತಿರುಗಿಸಿ ಮಲಗುವುದನ್ನು ಹೈನುಗಾರಿಕೆ ಮಾಡುವವರೆಲ್ಲ ಕಂಡಿದ್ದೀರಿ. ಹಾಲುಜ್ವರ ಎನ್ನುತ್ತೇವೆ. ಜ್ವರವೇನೂ ಇರುವುದಿಲ್ಲ, ಮೈ ತಣ್ಣಗಿರುತ್ತದೆ. ಕೆಚ್ಚಲಿಗೆ ಒಮ್ಮೆಲೇ ಕ್ಯಾಲ್ಸಿಯಂ ಹರಿದು ರಕ್ತದಲ್ಲಿ ಕಡಿಮೆ ಬೀಳುವುದರಿಂದ ಹೀಗಾಗುತ್ತದೆ. ದನದ ಡಾಕ್ಟರು ನರಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಕಣ್ಣೆದುರೇ ಎದ್ದು ನಿಲ್ಲುತ್ತದೆ. ಕ್ಯಾಲ್ಸಿಯಂ ಬರೇ ಎಲುಬಿಗಲ್ಲ, ಸ್ನಾಯು ನಡೆಯಲೂ ಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಬೇಕಾದರೆ ಒಬ್ಬ ಹಮಾಲ ಬೇಕು. ಆ ಹಮಾಲನೇ ಡಿ ವಿಟಮಿನ್. ಅವನಿಲ್ಲದಿದ್ದರೆ ಹಾಲು ಕುಡಿದರೂ ಹೆಚ್ಚಿನ ಪಾಲು ಹೊರಗೇ ಹೋಗುತ್ತದೆ. ಹಾಗಾದಾಗ ದೇಹ ಎಲುಬಿನಿಂದಲೇ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ಕೊಡುತ್ತದೆ. ಬೆಳೆಯುವ ಮಕ್ಕಳಲ್ಲಿ ಕಾಲು ಬಿಲ್ಲಿನಂತೆ ಬಾಗುತ್ತದೆ, ಮಣಿಕಟ್ಟು ದಪ್ಪವಾಗುತ್ತದೆ, ಇದು ರಿಕೆಟ್ಸ್. ದೊಡ್ಡವರಲ್ಲಿ ಎಲುಬು ಮೆದುವಾಗುತ್ತದೆ, ತೊಡೆಯ ಸ್ನಾಯು ಸೋಲುತ್ತದೆ, ಕುಕ್ಕರುಗಾಲಿನಿಂದ ಏಳಲಾಗದು, ಬಾತುಕೋಳಿಯಂತೆ ಹೊಯ್ದಾಡಿ ನಡೆಯುತ್ತಾರೆ. ನಮ್ಮ ದೊಡ್ಡವ್ವನದು ಇದೇ.

ಕೋಳಿ ಸಾಕಣೆಯ ಹಳಬರಿಗೂ ಇದು ಗೊತ್ತು. ಮರಿಗಳನ್ನು ಹೊರಗೆ ಬಿಡದೆ ಶೆಡ್ಡಿನಲ್ಲೇ ಸಾಕತೊಡಗಿದಾಗ ಕಾಲು ಸೊಟ್ಟಗಾಗಿ ಬೀಳುತ್ತಿದ್ದವು. ಮೀನೆಣ್ಣೆ ಬೆರೆಸಿದ ಮೇಲೆ ಸರಿಹೋಯಿತು. ಇಂದು ಕೋಳಿ ಆಹಾರದಲ್ಲಿ ಡಿ ಬೆರೆಸಿಯೇ ಇರುತ್ತದೆ.

ಡಿ ಸಿಕ್ಕ ಬಗೆ

ಈ ವಿಟಮಿನ್ ಕಂಡುಹಿಡಿದ ಕಥೆಯೂ ಅರ್ಧ ಕೊಟ್ಟಿಗೆಯದೇ. ಇಂಗ್ಲೆಂಡಿನ ಮೆಲನ್‌ಬಿ ಎಂಬವರು 1919ರ ಸುಮಾರಿಗೆ ನಾಯಿಮರಿಗಳನ್ನು ಒಳಗೇ ಕಟ್ಟಿ, ಓಟ್ಸ್ ಗಂಜಿಯಂಥದನ್ನೇ ಹಾಕಿ ರಿಕೆಟ್ಸ್ ಬರಿಸಿದರು. ಕಾಡ್ ಮೀನಿನ ಎಣ್ಣೆ ಕೊಟ್ಟು ವಾಸಿ ಮಾಡಿದರು. ಅದೇ ವರ್ಷ ಬರ್ಲಿನ್ನಿನ ಹುಲ್ಡ್‌ಶಿನ್‌ಸ್ಕಿ ಮೀನೆಣ್ಣೆಯ ಗೊಡವೆಯಿಲ್ಲದೆ, ನೇರಳಾತೀತ ಕಿರಣದ ದೀಪದ ಮುಂದೆ ಮಕ್ಕಳನ್ನು ಕೂರಿಸಿಯೇ ಗುಣಪಡಿಸಿದರು. ಎಣ್ಣೆಗೂ ಬೆಳಕಿಗೂ ಏನು ಸಂಬಂಧ? ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಆಡುಗಳ ಕ್ಯಾಲ್ಸಿಯಂ ಲೆಕ್ಕ ಇಡುತ್ತಿದ್ದ ಸ್ಟೀನ್‌ಬಾಕ್, ಬಿಸಿಲಿನಲ್ಲಿದ್ದ ಆಡುಗಳು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವುದನ್ನೂ ಒಳಗಿದ್ದವು ಕಳೆದುಕೊಳ್ಳುವುದನ್ನೂ ಗಮನಿಸಿದರು. 1924ರಲ್ಲಿ ಇಲಿಗಳಿಗೆ ಹಾಕುವ ಆಹಾರಕ್ಕೇ ಕಿರಣ ಹಾಯಿಸಿ, ಅದನ್ನು ತಿಂದ ಇಲಿಗಳಿಗೆ ರಿಕೆಟ್ಸ್ ಬಾರದಂತೆ ಮಾಡಿ ತೋರಿಸಿದರು. ಬಿಸಿಲಲ್ಲಿ ಒಣಗಿಸಿದ ಹುಲ್ಲಿನಲ್ಲಿ ಡಿ ಇರುವುದೂ ಹೀಗೆಯೇ. ‘ಡಿ’ ಎಂಬ ಹೆಸರು ಬಂದದ್ದು 1922ರಲ್ಲಿ. ಎ, ಬಿ, ಸಿ ಆಗಲೇ ಇದ್ದವು, ನಾಲ್ಕನೆಯದಕ್ಕೆ ಡಿ. ಅಷ್ಟೇ, ಬೇರೆ ಗುಟ್ಟೇನಿಲ್ಲ.

ನಮ್ಮ ಕಡೆಯದೂ ಒಂದು ಹಳೆಯ ದಾಖಲೆ ಇದೆ. 1920ರ ಆಸುಪಾಸಿನಲ್ಲಿ ನಾಸಿಕ್ ಭಾಗದಲ್ಲಿ ಕೆಲಸ ಮಾಡಿದ ವೈದ್ಯರು, ಪರದೆಯೊಳಗಿನ ಅನುಕೂಲಸ್ಥರ ಮನೆಯ ಮಕ್ಕಳಲ್ಲಿ ರಿಕೆಟ್ಸ್ ಕಂಡರು. ಹೊಲದಲ್ಲಿ ಬೆಳೆಯುವ ಬಡವರ ಮಕ್ಕಳು ಊಟಕ್ಕೆ ಕಡಿಮೆ ಇದ್ದರೂ ನೇರ ಕಾಲಿನವರು. ಆಗ ಬೆಳಗಾವಿಯೂ ನಾಸಿಕವೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. ನೂರು ವರ್ಷದ ಕೆಳಗೆ ಹೊಲ ನಮ್ಮನ್ನು ಕಾಯುತ್ತಿತ್ತು. ಈಗೇನಾಯಿತು?

ನೆರಳು ನೋಡಿ ತಿಳಿಯಿರಿ

‘ಅಲ್ರೀ, ವರ್ಷಪೂರ್ತಿ ಬಿಸಲಾಗ ಇರೂರು ನಾವು. ನಮಗ ಬಿಸಲಿನ ವಿಟಮಿನ್ ಕಡಿಮಿ ಅಂದ್ರ ಹೆಂಗ?’ ನಮ್ಮ ಪಕ್ಕದ ಹೊಲದ ಕಾಕಾ ಕೇಳಿದ ಪ್ರಶ್ನೆ ಇದು. ಸರಿಯಾದ ಪ್ರಶ್ನೆಯೇ.

ಚರ್ಮದಲ್ಲಿರುವ ಒಂದು ಜಿಡ್ಡಿನ ವಸ್ತು ಬಿಸಿಲಿನ ನೇರಳಾತೀತ ‘ಬಿ’ ಕಿರಣ ತಾಗಿದಾಗ ಡಿ ಆಗುತ್ತದೆ. ಅದು ಮೊದಲು ಯಕೃತ್ತಿನಲ್ಲಿ, ಆಮೇಲೆ ಮೂತ್ರಪಿಂಡದಲ್ಲಿ ಪಕ್ವವಾಗಿ ಕೆಲಸಕ್ಕೆ ಇಳಿಯುತ್ತದೆ. ಈ ಕಿರಣ ಎಲ್ಲ ಬಿಸಿಲಲ್ಲೂ ಇಲ್ಲ. ಸೂರ್ಯ ಓರೆಯಾಗಿದ್ದಾಗ ಗಾಳಿಯೇ ಅದನ್ನು ಹೀರಿಬಿಡುತ್ತದೆ. ಗುರುತು ಸುಲಭ: ನಿಮ್ಮ ನೆರಳು ನಿಮಗಿಂತ ಉದ್ದವಿದ್ದರೆ ಡಿ ಹುಟ್ಟುವುದು ತೀರ ಕಡಿಮೆ, ನೆರಳು ನಿಮಗಿಂತ ಗಿಡ್ಡವಾದಾಗ ಹುಟ್ಟುತ್ತದೆ. ತಿರುಪತಿಯಲ್ಲಿ ಅಳೆದು ನೋಡಿದವರು ಬೆಳಗಿನ 11ರಿಂದ ಮಧ್ಯಾಹ್ನ 2ರವರೆಗೆ ಚೆನ್ನಾಗಿ ಹುಟ್ಟುತ್ತದೆ ಎಂದಿದ್ದಾರೆ.

ಬಾಣಂತಿ ಮನೆಯಲ್ಲಿ ಕೂಸಿಗೆ ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಹಿಡಿಯುತ್ತೇವಲ್ಲ, ಅದರಿಂದ ಕೂಸು ಬೆಚ್ಚಗಿರುತ್ತದೆ, ಡಿ ಮಾತ್ರ ಅಷ್ಟಕ್ಕಷ್ಟೇ. ತಾಯಿಹಾಲಿನಲ್ಲೂ ಅದು ಕಡಿಮೆ. ಅದಕ್ಕೇ ಮಕ್ಕಳ ವೈದ್ಯರು ಹುಟ್ಟಿದಾಗಿನಿಂದ ಒಂದು ವರ್ಷ ದಿನಕ್ಕೆ 400 ಯುನಿಟ್ ಹನಿ ಹಾಕಿರಿ ಎನ್ನುತ್ತಾರೆ. ಇದನ್ನು ತಪ್ಪಿಸಬೇಡಿ. ಗಾಜಿನ ಕಿಟಕಿಯೊಳಗೆ ಕೂತರೂ ಉಪಯೋಗವಿಲ್ಲ, ಗಾಜು ಈ ಕಿರಣವನ್ನು ಬಿಡುವುದಿಲ್ಲ.

ಸೂರ್ಯನ ವಿಷಯದಲ್ಲಿ ಬೆಳಗಾವಿಗೆ ಬಡತನವಿಲ್ಲ. ಮೇ ಮೊದಲ ವಾರ ಒಮ್ಮೆ, ಆಗಸ್ಟ್ ಎರಡನೇ ವಾರದ ಹೊತ್ತಿಗೆ ಇನ್ನೊಮ್ಮೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು ನೆಟ್ಟ ಗೂಟದ ನೆರಳೇ ಇಲ್ಲವಾಗುತ್ತದೆ. ಡಿಸೆಂಬರದ ಗಿಡ್ಡ ದಿನದಲ್ಲೂ ನಡುಮಧ್ಯಾಹ್ನ ನೆರಳು ಆಳಿಗಿಂತ ಗಿಡ್ಡವೇ. ಯುರೋಪಿನವರಿಗೆ ಚಳಿಗಾಲದ ನಾಲ್ಕಾರು ತಿಂಗಳು ಈ ಭಾಗ್ಯ ಇಲ್ಲ.

ಆದರೆ ಆಗಸ್ಟಿನಲ್ಲಿ ನೆತ್ತಿಯ ಮೇಲಿನ ಆ ಸೂರ್ಯನನ್ನು ಕಣಕುಂಬಿ, ಜಾಂಬೋಟಿಯವರು ನೋಡುವುದು ಎಲ್ಲಿಂದ ಬಂತು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಸೆರಗಿನಲ್ಲಿ ಮೋಡ ಬಿಡುವುದೇ ಇಲ್ಲ. ಕಂಬಳಿ ಕೊಪ್ಪೆ, ಪ್ಲಾಸ್ಟಿಕ್ ಹಾಳೆ ಹೊದ್ದು ಬಗ್ಗಿ ನಾಟಿ ಮಾಡುವವರಿಗೆ ಬೆನ್ನಿಗೂ ಬೆಳಕಿಲ್ಲ. ಬೀಡಿ, ಇಟಗಿ ಕಡೆಯ ಮೂಡಲ ಸೀಮೆಯಲ್ಲಿ ಮಳೆ ಕಡಿಮೆ. ಅಲ್ಲಿ ಬೇರೆ ಸಂಗತಿ: ಬಿಸಿಲು ತಾಳದೆ ಮೈ ಮುಚ್ಚಿಕೊಳ್ಳುವುದು. ಕಬ್ಬು ಕಡಿಯುವ ಹೆಂಗಸರನ್ನು ನೋಡಿ: ಸೀರೆಯ ಮೇಲೆ ಗಂಡನ ಹಳೆಯ ಉದ್ದ ತೋಳಿನ ಅಂಗಿ, ತಲೆಗೆ ಮುಖಕ್ಕೆ ಬಟ್ಟೆ. ಕಬ್ಬಿನ ಗರಿ ಕೊಯ್ಯುತ್ತದೆ, ಹಾಗೆ ಸುತ್ತಿಕೊಳ್ಳದೆ ವಿಧಿಯಿಲ್ಲ. ಇನ್ನು ನಾವು ಕೆಲಸಕ್ಕೆ ಇಳಿಯುವುದೇ ಬೆಳಿಗ್ಗೆ ತಂಪು ಹೊತ್ತಿನಲ್ಲಿ; 12ರಿಂದ 3 ಮರದ ನೆರಳಿನಲ್ಲಿ ಬುತ್ತಿ, ವಿಶ್ರಾಂತಿ. ಡಿ ಹುಟ್ಟುವ ಹೊತ್ತಿಗೇ ನಾವು ನೆರಳಲ್ಲಿ! ಕಪ್ಪು ಮೈಬಣ್ಣ ಸುಡುವುದನ್ನು ತಡೆಯುತ್ತದೆ, ಜೊತೆಗೆ ಡಿ ಹುಟ್ಟುವುದನ್ನೂ ನಿಧಾನ ಮಾಡುತ್ತದೆ. ವಯಸ್ಸಾದ ಚರ್ಮದಲ್ಲಿ ಮೂಲವಸ್ತುವೇ ಕಡಿಮೆ.

ತಿರುಪತಿ ಸೀಮೆಯ ಹಳ್ಳಿ ಮತ್ತು ಪಟ್ಟಣದವರನ್ನು ಹೋಲಿಸಿದ 2007ರ ಅಧ್ಯಯನದಲ್ಲಿ ಹಳ್ಳಿಯವರ ಡಿ ಪಟ್ಟಣದವರಿಗಿಂತ ಮೇಲಿತ್ತು. ಆದರೂ ಹಳ್ಳಿಯ ಹೆಂಗಸರಲ್ಲೇ ಬಹಳ ಮಂದಿಗೆ ಸಾಕಷ್ಟಿರಲಿಲ್ಲ. ಅಲ್ಲಿ ಇನ್ನೊಂದು ಸಂಗತಿಯೂ ಸಿಕ್ಕಿತು, ಊಟದಲ್ಲಿ ಕ್ಯಾಲ್ಸಿಯಂ ತೀರ ಕಡಿಮೆ. ಕ್ಯಾಲ್ಸಿಯಂ ಕಡಿಮೆಯಾದಾಗ ಇದ್ದ ಡಿಯನ್ನೂ ದೇಹ ಬೇಗ ಖರ್ಚು ಮಾಡುತ್ತದೆ. ಬಿಸಿಲು ಒಂದೇ ಕಾರಣವಲ್ಲ, ಗಂಗಾಳದಲ್ಲೂ ಕಾರಣವಿದೆ.

ಬಿಸಿಲಿಗೆ ಬಾಗಿಲಿದೆ, ಗುಳಿಗೆಗೆ ಇಲ್ಲ

ಬಿಸಿಲಿನಿಂದ ಯಾರಿಗೂ ಡಿ ಹೆಚ್ಚಾಗಿ ಕೇಡಾಗುವುದಿಲ್ಲ. ಒಂದು ಮಟ್ಟಕ್ಕೆ ಹುಟ್ಟಿದ ಮೇಲೆ ಅದೇ ಬಿಸಿಲು ಹೆಚ್ಚಾದದ್ದನ್ನು ಬೇರೆ ನಿರುಪದ್ರವಿ ವಸ್ತುಗಳಾಗಿ ಒಡೆದು ಹಾಕುತ್ತದೆ. ಕೆರೆಗೆ ಕೋಡಿ ಇದ್ದಹಾಗೆ. ಬಾಯಿಂದ ಹೋದದ್ದಕ್ಕೆ ಈ ಕೋಡಿ ಇಲ್ಲ. ನೀರಿನಲ್ಲಿ ಕರಗುವ ಬಿ, ಸಿ ವಿಟಮಿನ್‌ಗಳು ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತವೆ. ಡಿ ಕೊಬ್ಬಿನಲ್ಲಿ ಕರಗುವಂಥದ್ದು, ಮೈಯ ಕೊಬ್ಬಿನಲ್ಲಿ ಕೂಡುತ್ತ ಹೋಗುತ್ತದೆ. ಹಮಾಲರು ಹೆಚ್ಚಾದರೆ ರಕ್ತಕ್ಕೆ ಕ್ಯಾಲ್ಸಿಯಂ ಹೇರುತ್ತಲೇ ಇರುತ್ತಾರೆ. ಮೂತ್ರಪಿಂಡದಲ್ಲಿ, ರಕ್ತನಾಳದ ಗೋಡೆಯಲ್ಲಿ ಸುಣ್ಣ ಕಟ್ಟುತ್ತದೆ.

ಅಮೆರಿಕ, ನ್ಯೂಜಿಲೆಂಡುಗಳಲ್ಲಿ ಇದೇ ಡಿ3ಯನ್ನು ಇಲಿ ಪಾಷಾಣವಾಗಿ ಬಳಸುತ್ತಾರೆ ಎಂದು ಓದಿದಾಗ ನನಗೆ ಮೈ ಜುಮ್ಮೆಂದಿತು. ಆಕಳಿಗೆ ಹಾಲುಜ್ವರ ಬಾರದಿರಲೆಂದು ಕರು ಹಾಕುವ ಮೊದಲು ಭಾರಿ ಪ್ರಮಾಣದ ಡಿ ಸೂಜಿ ಕೊಡುವ ಪದ್ಧತಿಯಲ್ಲೂ, ಪ್ರಮಾಣ ಮೀರಿದರೆ ಹೃದಯ, ರಕ್ತನಾಳ ಕಲ್ಲಾಗುವ ಅಪಾಯವಿದೆ.

ಈಗ ಲೆಕ್ಕ ನೋಡಿ. ನಮ್ಮ ದೇಶದ ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದಂತೆ, ಬಿಸಿಲು ಹೆಚ್ಚು ಸಿಗದ ದೊಡ್ಡವರಿಗೆ ದಿನಕ್ಕೆ 600 ಯುನಿಟ್ ಸಾಕು. ವೈದ್ಯರ ನಿಗಾ ಇಲ್ಲದೆ 4,000 ಮೀರಬಾರದು. ನಮ್ಮ ಅಂಗಡಿಯ ಪೊಟ್ಟಣದಲ್ಲಿ, ಗುಳಿಗೆಯಲ್ಲಿ ಇರುವುದು 60,000. ಅಂದರೆ ನೂರು ದಿನದ್ದು ಒಂದೇ ಗುಟುಕಿಗೆ. ವಾರಕ್ಕೊಂದರಂತೆ ಎಂಟು ವಾರ ಕೊಡುವುದು ಬರಿದಾದ ಕಣಜ ತುಂಬಲು. ತುಂಬಿದ ಮೇಲೆ ತಿಂಗಳಿಗೊಂದಾದರೆ ದಿನಕ್ಕೆ 2,000ದ ಲೆಕ್ಕ. ದಿನಕ್ಕೊಂದಾದರೆ? ದೊಡ್ಡವ್ವ ಎರಡು ತಿಂಗಳಲ್ಲಿ 36 ಲಕ್ಷ ಯುನಿಟ್ ಕುಡಿದಿದ್ದಳು.

ಪೊಟ್ಟಣದ ಮೇಲೆ ‘60 ಕೆ’ ಎಂದಿದ್ದರೆ ಅದು 60 ಅಲ್ಲ, 60 ಸಾವಿರ. ಓದಲು ಬಾರದವರು ಮನೆಯಲ್ಲಿದ್ದರೆ ಕ್ಯಾಲೆಂಡರಿನ ಸೋಮವಾರಕ್ಕೊಂದು ಗುರುತು ಹಾಕಿ, ಉಳಿದ ಪೊಟ್ಟಣ ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಿ.

ಈ ಡಿ3 ಎಲ್ಲಿಂದ ಬರುತ್ತದೆ ಗೊತ್ತೇ? ಕುರಿಯ ಉಣ್ಣೆ ತೊಳೆದಾಗ ಬಿಡುವ ಜಿಡ್ಡಿನಿಂದ. ಅದನ್ನು ಶುದ್ಧಮಾಡಿ, ದೀಪದ ಕಿರಣ ಹಾಯಿಸುತ್ತಾರೆ. ನಮ್ಮ ಕುರುಬರ ಕಂಬಳಿ ಮೂಗಿಗೆ ಹಿಡಿದರೆ ಬರುವ ವಾಸನೆ ಇದೇ ಜಿಡ್ಡಿನದು. ಹಾಗೆಂದು ಕಂಬಳಿ ಹೊದ್ದರೆ ಡಿ ಬರುವುದಿಲ್ಲ!

ಸಕ್ಕರೆ, ಹೃದಯ, ಟಿ.ಬಿ.ಗೆ?

ಈ ಮೂವತ್ತು ವರ್ಷಗಳಲ್ಲಿ ಡಿಗೆ ಹೊಸ ಹೊಸ ಪ್ರತಾಪ ಅಂಟಿಕೊಂಡಿತು. ಸಕ್ಕರೆ ಕಾಯಿಲೆ, ಹೃದಯದ ಬೇನೆ, ಕ್ಯಾನ್ಸರ್, ಟಿ.ಬಿ. ಇದ್ದವರ ರಕ್ತ ನೋಡಿದರೆ ಡಿ ಕಡಿಮೆ. ಹಾಗಾದರೆ ಡಿ ಕೊಟ್ಟರೆ ರೋಗ ಬರುವುದಿಲ್ಲ ಎಂದು ಹಲವರು ತೀರ್ಮಾನಿಸಿದರು.

ಇಲ್ಲೊಂದು ಎಡವಟ್ಟಿದೆ. ನಮ್ಮ ತಾಲೂಕಿನಲ್ಲಿ ಜೀಪು ಇರುವ ರೈತರ ಎಕರೆ ಇಳುವರಿ ಜೀಪು ಇಲ್ಲದವರಿಗಿಂತ ಹೆಚ್ಚಿರಬಹುದು. ಸಾಲ ಮಾಡಿ ಜೀಪು ತಂದರೆ ಭತ್ತ ಹೆಚ್ಚು ಬೆಳೆಯುತ್ತದೆಯೇ? ನೀರು, ಬಂಡವಾಳ ಇದ್ದವನಿಗೆ ಎರಡೂ ಒಟ್ಟಿಗೆ ಬಂದಿವೆ, ಅಷ್ಟೇ. ಹಾಗೆಯೇ ಕಾಯಿಲೆಯವನು ಹೊರಗೆ ತಿರುಗುವುದಿಲ್ಲ, ಡಿ ಇಳಿಯುತ್ತದೆ. ದಪ್ಪ ಮೈಯವರಲ್ಲಿ ಡಿ ಕೊಬ್ಬಿನಲ್ಲಿ ಅಡಗಿ ರಕ್ತದಲ್ಲಿ ಕಡಿಮೆ ಕಾಣುತ್ತದೆ. ಸಕ್ಕರೆ ಕಾಯಿಲೆಯೂ ಅವರಿಗೇ ಹೆಚ್ಚು. ಯಾವುದು ಬೇರು, ಯಾವುದು ಎಲೆ?

ತಿಳಿಯಬೇಕಾದರೆ ಹೊಲದಲ್ಲಿ ಮಾಡುವಂತೆ ಮಾಡಬೇಕು: ಚೀಟಿ ಎತ್ತಿ ಅರ್ಧ ಮಡಿಗೆ ಜಿಂಕ್ ಹಾಕಿ, ಅರ್ಧಕ್ಕೆ ಹಾಕದೆ, ಎರಡನ್ನೂ ತೂಗುವುದು. ಮನುಷ್ಯರಲ್ಲೂ ಇಂಥ ಪ್ರಯೋಗ ನಡೆಯುತ್ತದೆ, ನಮ್ಮಲ್ಲೇ ನಡೆದಿದೆ. ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಸುತ್ತಲ ಹಳ್ಳಿಗಳ ಗರ್ಭಿಣಿಯರೊಂದಿಗೆ ಅಂಥ ದೊಡ್ಡ ಪ್ರಯೋಗವೊಂದರಲ್ಲಿ ಪಾಲ್ಗೊಂಡರು. ಆರು ದೇಶಗಳ ಸುಮಾರು 12 ಸಾವಿರ ಹೆಂಗಸರಲ್ಲಿ ಅರ್ಧ ಮಂದಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್, ಅರ್ಧಕ್ಕೆ ಅದರಂತೆಯೇ ಕಾಣುವ ಬರಿ ಗುಳಿಗೆ. ಆಸ್ಪಿರಿನ್ ತೆಗೆದುಕೊಂಡವರಲ್ಲಿ ದಿನ ತುಂಬದ ಹೆರಿಗೆ ನೂರಕ್ಕೆ 11ರಷ್ಟು ಕಡಿಮೆಯಾದದ್ದು 2020ರಲ್ಲಿ ಪ್ರಕಟವಾಯಿತು. (ಇದನ್ನು ಓದಿ ಯಾರೂ ತಾವಾಗಿ ಆಸ್ಪಿರಿನ್ ನುಂಗಬಾರದು.) ನಂಬಬೇಕಾದ್ದು ಇಂಥ ಲೆಕ್ಕವನ್ನು.

ಡಿಯನ್ನೂ ಹೀಗೆಯೇ ಪರೀಕ್ಷಿಸಿದ್ದಾರೆ. ಅಮೆರಿಕದಲ್ಲಿ 25,871 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 2,000 ಯುನಿಟ್‌ನಂತೆ ಐದು ವರ್ಷ ಕೊಟ್ಟರು. ಹೃದಯಾಘಾತವೂ ಕಡಿಮೆಯಾಗಲಿಲ್ಲ, ಕ್ಯಾನ್ಸರ್ ಬರುವುದೂ ಕಡಿಮೆಯಾಗಲಿಲ್ಲ ಎಂದು 2018ರಲ್ಲಿ ತಿಳಿಯಿತು. ಆ ಜನರಲ್ಲಿ ಎಲುಬು ಮುರಿಯುವುದು ಕೂಡ ಕಡಿಮೆಯಾಗಿಲ್ಲ ಎಂದು 2022ರಲ್ಲಿ ಬಂತು. ಮೈಯೇ ಮೈಯ ಮೇಲೆ ತಿರುಗಿಬೀಳುವ ಸಂಧಿವಾತದಂಥ ರೋಗಗಳು ಮಾತ್ರ ಐದರಲ್ಲೊಂದು ಪಾಲು ಕಡಿಮೆ ಕಂಡವು. ಅದನ್ನು ಇನ್ನೊಂದು ಪ್ರಯೋಗ ಗಟ್ಟಿಮಾಡಬೇಕು.

ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 2,423 ಜನರಲ್ಲಿ ಅರ್ಧ ಮಂದಿಗೆ ದಿನಕ್ಕೆ 4,000 ಕೊಟ್ಟು ನೋಡಿದ ಫಲಿತಾಂಶ 2019ರದ್ದು. ಡಿ ತೆಗೆದುಕೊಂಡವರಲ್ಲಿ 293 ಮಂದಿಗೆ, ತೆಗೆದುಕೊಳ್ಳದವರಲ್ಲಿ 323 ಮಂದಿಗೆ ಕಾಯಿಲೆ ಬಂತು. ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು. ಇಂಥ ಮೂರು ಪ್ರಯೋಗ ಕೂಡಿಸಿ ನೋಡಿದಾಗ ಸ್ವಲ್ಪ ಗುಣ ಕಂಡಿದೆ. ಆಗಲೇ ಸಕ್ಕರೆ ಕಾಯಿಲೆ ಬಂದವರು ತಮ್ಮ ಗುಳಿಗೆ ಬಿಟ್ಟು ಡಿ ನುಂಗಿದರೆ ಕೆಡುವುದು ಖಂಡಿತ.

‘ಅಮೆರಿಕದವರಿಗೆ ಕೊರತೆಯೇ ಇರಲಿಲ್ಲ, ಜಿಂಕ್ ಇದ್ದ ಹೊಲಕ್ಕೆ ಜಿಂಕ್ ಹಾಕಿದರೆ ಏನು ಕಂಡೀತು?’ ಎಂದು ನೀವು ಕೇಳಬಹುದು. ನ್ಯಾಯವಾದ ತಕರಾರು. ಅದಕ್ಕೆ ಮಂಗೋಲಿಯಾದ ಪ್ರಯೋಗ ನೋಡಬೇಕು. ಅಲ್ಲಿನ 8,851 ಶಾಲಾಮಕ್ಕಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿಗೆ ಡಿ ಕೊರತೆ ಇತ್ತು. ಮೂರು ವರ್ಷ ವಾರಕ್ಕೆ 14,000 ಯುನಿಟ್ ಕೊಟ್ಟರು. ರಕ್ತದಲ್ಲಿ ಡಿ ಚೆನ್ನಾಗಿ ಏರಿತು, ಟಿ.ಬಿ. ಸೋಂಕು ತಗಲುವುದು ಮಾತ್ರ ಕಡಿಮೆಯಾಗಲಿಲ್ಲ. ಇದು 2020ರ ಸುದ್ದಿ. ಅದೇ ವರ್ಷ ಕೊರೋನಾ ಬಂದು ಊರೂರಿನಲ್ಲಿ ಡಿ ಗುಳಿಗೆ ಖಾಲಿಯಾಯಿತಲ್ಲ, 2022ರಲ್ಲಿ ಇಂಗ್ಲೆಂಡ್ ಮತ್ತು ನಾರ್ವೆಯಿಂದ ಬಂದ ಎರಡು ದೊಡ್ಡ ಪ್ರಯೋಗಗಳಲ್ಲಿ ಅದಕ್ಕೂ ರಕ್ಷಣೆ ಕಾಣಲಿಲ್ಲ.

‘ವರ್ಷಕ್ಕೊಂದೇ ದೊಡ್ಡ ಸೂಜಿ ಚುಚ್ಚಿಬಿಡಿ, ಗುಳಿಗೆಯ ರಗಳೆ ಬೇಡ’ ಎನ್ನುವವರಿಗಾಗಿ ಒಂದು ಮಾತು. ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಹೆಂಗಸರಲ್ಲಿ ಅರ್ಧ ಮಂದಿಗೆ ವರ್ಷಕ್ಕೊಮ್ಮೆ 5 ಲಕ್ಷ ಯುನಿಟ್ ಬಾಯಿಯಿಂದ ಕೊಟ್ಟರು. ಬೀಳುವುದು, ಎಲುಬು ಮುರಿಯುವುದು ಕಡಿಮೆಯಾಗುವ ಬದಲು ಹೆಚ್ಚಾಯಿತು. 2010ರಲ್ಲಿ ಇದು ಪ್ರಕಟವಾದ ಮೇಲೂ ನಮ್ಮ ಕಡೆ ಆರು ಲಕ್ಷದ ಸೂಜಿ ಕೇಳಿ ಹಾಕಿಸಿಕೊಳ್ಳುವವರಿದ್ದಾರೆ. ಸೂಜಿ ಎಂದರೆ ನಮಗೆ ಭಾರಿ ನಂಬಿಕೆ!

ಎಲ್ಲ ಎಲುಬು ನೋವೂ ಡಿಯದಲ್ಲ

ಶಿವಮೊಗ್ಗ ಜಿಲ್ಲೆ ಸಾಗರ ತಾಲೂಕಿನ ಹಂದಿಗೋಡು ಹೆಸರು ಹಳಬರು ಕೇಳಿರಬಹುದು. 1974-75ರ ಸುಮಾರಿಗೆ ಅಲ್ಲಿನ ದಲಿತ ಕೃಷಿಕೂಲಿ ಕುಟುಂಬಗಳಲ್ಲಿ ಸೊಂಟ, ಮಂಡಿ ನೋವಿನಿಂದ ಶುರುವಾಗಿ ನಡೆಯಲಾಗದ ಸ್ಥಿತಿಗೆ ಬರುವ ಕಾಯಿಲೆ ಬೆಳಕಿಗೆ ಬಂತು. ಗದ್ದೆಗೆ ಹೊಡೆದ ವಿಷ ಏಡಿಗೆ ಸೇರಿ, ಏಡಿ ತಿಂದವರಿಗೆ ಹೀಗಾಯಿತು ಎಂಬ ಮಾತು ಬಹಳ ಕಾಲ ಓಡಿತು. ಪೋಷಣೆ ಕಡಿಮೆ ಎಂದವರೂ ಇದ್ದರು. ಮನೆತನಗಳ ವಂಶಾವಳಿ ಹಿಡಿದು ನೋಡಿದ ಮೇಲೆ ಇದು ಹುಟ್ಟಿನಿಂದ ಬರುವ, ಎಲುಬಿನ ಬೆಳವಣಿಗೆಯ ದೋಷ ಎಂದು ವಿಜ್ಞಾನಿಗಳು ಕಂಡುಕೊಂಡರು. ಬಿಸಿಲೂ ಅದಕ್ಕೆ ಮದ್ದಲ್ಲ, ಡಿ ಪುಡಿಯೂ ಅಲ್ಲ. ಕೊಳವೆಬಾವಿಯ ಫ್ಲೋರೈಡಿನಿಂದ ಬೆನ್ನು ಬಿರುಸಾಗುವ ಊರುಗಳೂ ರಾಜ್ಯದಲ್ಲಿವೆ. ಇಪ್ಪತ್ತು ವರ್ಷ ಬಗ್ಗಿ ನಾಟಿ ಮಾಡಿದ ಮಂಡಿ ಸವೆದದ್ದಕ್ಕೂ ಡಿ ಉತ್ತರವಲ್ಲ.

ಪರೀಕ್ಷೆ ಮಾಡಿಸಬೇಕೆ? ಇದಕ್ಕೆ ಹತ್ತಿರಹತ್ತಿರ ಎರಡು ಮೂರು ಆಳಿನ ದಿನಗೂಲಿ ಬೇಕು. ಆರೋಗ್ಯವಾಗಿರುವ ದೊಡ್ಡವರು ಸುಮ್ಮಸುಮ್ಮನೆ ಮಾಡಿಸುವುದು ಬೇಡ ಎಂದು ಅಮೆರಿಕದ ಹಾರ್ಮೋನು ತಜ್ಞರ ಸಂಘವೇ 2024ರಲ್ಲಿ ಹೇಳಿದೆ. ಇದೇ ಸಂಘ 2011ರಲ್ಲಿ 30 ಇರಬೇಕು ಎಂದಿತ್ತು, ಈಗ ಆ ಮಾತು ಕೈಬಿಟ್ಟಿದೆ. ಬಹಳಷ್ಟು ಲ್ಯಾಬುಗಳ ಕಾಗದದಲ್ಲಿ ಮಾತ್ರ ಇನ್ನೂ 30 ಎಂದೇ ಅಚ್ಚಾಗಿ ಬರುತ್ತದೆ. ನಿಮ್ಮದು 22 ಇದ್ದು ಪಕ್ಕದಲ್ಲಿ ‘ಕಡಿಮೆ’ ಎಂದು ದಪ್ಪ ಅಕ್ಷರದಲ್ಲಿದ್ದರೆ ಗಾಬರಿ ಬೇಡ.

ಆದರೆ ನೆಲದಿಂದ ಏಳಲಾಗದ ಹೆಂಗಸು, ಕಾಲು ಬಾಗಿದ ಮಗು, ಮೂರ್ಛೆರೋಗಕ್ಕೆ ಅಥವಾ ಟಿ.ಬಿ.ಗೆ ಗುಳಿಗೆ ನುಂಗುತ್ತಿರುವವರು (ಆ ಕೆಲವು ಔಷಧಗಳು ಡಿಯನ್ನು ಬೇಗ ಕರಗಿಸುತ್ತವೆ), ಮೂತ್ರಪಿಂಡ ಯಕೃತ್ತಿನ ತೊಂದರೆಯವರು, ಮನೆಯಿಂದ ಹೊರಬೀಳದ ಮುದುಕರು, ಇವರು ತಡಮಾಡದೆ ಡಾಕ್ಟರಿಗೆ ತೋರಿಸಲೇಬೇಕು. ಗರ್ಭಿಣಿಯರು ತಾವಾಗಿ ಏನೂ ಮಾಡದೆ ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕೇಳಲಿ. ಮೂತ್ರಕಲ್ಲು ಆಗಿದ್ದವರು ಪುಡಿ ಮುಟ್ಟುವ ಮೊದಲು ಅದನ್ನು ಡಾಕ್ಟರಿಗೆ ಹೇಳಬೇಕು.

ನಾಚಣಿ ಎಲ್ಲಿ ಹೋಯಿತು?

ಜಾಂಬೋಟಿ, ಕಣಕುಂಬಿ ಕಡೆ ಗುಡ್ಡದ ಓರೆಯಲ್ಲಿ ನಾಚಣಿ, ಅಂದರೆ ರಾಗಿ, ಬೆಳೆಯುತ್ತಿದ್ದೆವು. ಈಗ ಬಹಳ ಮನೆಗಳಲ್ಲಿ ಬಿಟ್ಟಿದ್ದೇವೆ. 100 ಗ್ರಾಂ ನಾಚಣಿಯಲ್ಲಿ 360 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ 10 ಕೂಡ ಇಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 1,000 ಮಿಲಿಗ್ರಾಂ. ನಾಚಣಿಯನ್ನು ಮೊಳಕೆ ಬರಿಸಿ, ಇಲ್ಲವೇ ಹುಳಿ ಬರಿಸಿ ಅಂಬಲಿ ಮಾಡಿದರೆ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವ ಫೈಟೇಟ್ ಅಂಶ ಸಡಿಲವಾಗಿ ಮೈಗೆ ಚೆನ್ನಾಗಿ ಹತ್ತುತ್ತದೆ. ನಮ್ಮ ಅಜ್ಜಿಯರು ಫೈಟೇಟ್ ಹೆಸರು ಕೇಳದೆಯೇ ಹುಳಿ ಅಂಬಲಿ ಕುಡಿಸಿದರು.

ಇನ್ನೊಂದು ಸಂಗತಿ ಬರೆಯಲು ನಾಚಿಕೆಯಾಗುತ್ತದೆ. ನಮ್ಮ ಮನೆಯಲ್ಲಿ ಎರಡು ಎಮ್ಮೆ, ಒಂದು ಆಕಳು. ಹಾಲೆಲ್ಲ ಡೇರಿಗೆ. ಮನೆಯಲ್ಲಿ ಉಳಿಯುವುದು ಚಹಾಕ್ಕೆ ಎರಡು ಚಮಚ. ನಾಲ್ಕು ದಶಕ ಹಿಂಡಿದ ದೊಡ್ಡವ್ವ ಒಂದು ಲೋಟ ಹಾಲು ಕುಡಿದದ್ದನ್ನು ನಾನು ಕಂಡಿಲ್ಲ. ಡಾಕ್ಟರು ‘ಪುಡಿಯನ್ನು ಹಾಲಿನಲ್ಲಿ ಹಾಕಿ’ ಎಂದಾಗಲೇ ಆಕೆಗೆ ಹಾಲು ಸಿಕ್ಕಿದ್ದು. ಈಗ ಬೆಳಿಗ್ಗೆ ಅರ್ಧ ಲೀಟರ್ ಮನೆಗೆ ಎತ್ತಿಟ್ಟೇ ಕ್ಯಾನು ಕಳಿಸುತ್ತೇವೆ.

ಹಾಲಿನಲ್ಲಿ ಸಹಜವಾಗಿ ಡಿ ಇರುವುದು ಅತ್ಯಲ್ಪ. ಅಂಗಡಿಯ ಹಾಲು, ಅಡಿಗೆ ಎಣ್ಣೆಯ ಪೊಟ್ಟಣದ ಮೇಲೆ ಕೂಡಿಸುವ ಗುರುತಿನ ಜೊತೆ ‘ಎಫ್’ ಎಂಬ ಇಂಗ್ಲಿಷ್ ಅಕ್ಷರವಿದ್ದರೆ ಪೋಷಕಾಂಶ ಬೆರೆಸಿದ್ದಾರೆ ಎಂದರ್ಥ. ಹಾಲು, ಎಣ್ಣೆಗಾದರೆ ಎ ಮತ್ತು ಡಿ. ಮೀನು ತಿನ್ನುವವರಿಗೆ ಬಂಗಡೆ, ತಾರ್ಲಿಯಲ್ಲಿ ಡಿ ಇದೆ, ಸಣ್ಣ ಮೀನನ್ನು ಮುಳ್ಳಿನ ಸಮೇತ ತಿಂದರೆ ಕ್ಯಾಲ್ಸಿಯಮ್ಮೂ ಸಿಗುತ್ತದೆ. ಮೊಟ್ಟೆಯ ಹಳದಿಯಲ್ಲಿ ಸ್ವಲ್ಪ. ಸಸ್ಯಾಹಾರಿಗಳಿಗೆ ಅಣಬೆ: ಅಡಿಗೆಗೆ ಮೊದಲು ಹೆಚ್ಚಿ ಮಧ್ಯಾಹ್ನದ ಬಿಸಿಲಿಗೆ ಇಟ್ಟರೆ ನಮ್ಮ ಚರ್ಮದಂತೆಯೇ ಅದರಲ್ಲೂ ಡಿ ಹುಟ್ಟುತ್ತದೆ. ಬೇಸಾಯದ ಅಣಬೆಯಿಂದ ಮಾತ್ರ ಮಾಡಿ, ಕಾಡಿನದರಲ್ಲಿ ವಿಷದ್ದು ಸೇರೀತು.

ಬಿಸಿಲಿನ ಮಟ್ಟಿಗೆ, ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ನಮ್ಮಲ್ಲಿ ಒಳ್ಳೆಯ ಕಾಲ. ವಾರದಲ್ಲಿ ನಾಲ್ಕಾರು ದಿನ ನೆರಳು ಗಿಡ್ಡವಿದ್ದಾಗ ಮುಖ, ತೋಳು, ಮೊಣಕಾಲ ಕೆಳಗೆ 20-30 ನಿಮಿಷ ಬಿಸಿಲು ಬಿದ್ದರೆ ಬಹುಮಂದಿಗೆ ಸಾಕು. ಏಪ್ರಿಲ್, ಮೇ ತಿಂಗಳ ಗೇರುಬೀಜ ಆರಿಸುವ ಹೊತ್ತಿನಲ್ಲಿ ಮಧ್ಯಾಹ್ನ ನಿಂತು ತಲೆಸುತ್ತು ಬರಿಸಿಕೊಳ್ಳುವುದು ಬೇಡ, ಹತ್ತು ನಿಮಿಷ ಕಡಿಮೆ ಮಾಡಿ. ಹೆಂಗಸರಿಗೆ ಹಿತ್ತಲಲ್ಲಿ ಕೂತು ಕಾಳು ಹಸನು ಮಾಡುವ ಕೆಲಸವನ್ನಾದರೂ ಆ ಹೊತ್ತಿಗೆ ಇಟ್ಟುಕೊಳ್ಳಬಹುದು.

ದೊಡ್ಡವ್ವ ಈಗ ಹಾಗೆಯೇ ಮಾಡುತ್ತಾಳೆ. ಮಧ್ಯಾಹ್ನ ಊಟವಾದ ಮೇಲೆ ತೋಳು ಮೇಲೇರಿಸಿ ಅಂಗಳದಲ್ಲಿ ಕೂತು ಅವರೆ ಬಿಡಿಸುತ್ತಾಳೆ. ಡಿ ಪುಡಿ ನಿಂತಿದೆ. ಮೂರು ತಿಂಗಳಿಗೊಮ್ಮೆ ಕ್ಯಾಲ್ಸಿಯಂ, ಮೂತ್ರಪಿಂಡದ ಪರೀಕ್ಷೆಗೆ ಬೆಳಗಾವಿಗೆ ಕರೆದೊಯ್ಯುತ್ತೇವೆ. ಉಳಿದ ಪೊಟ್ಟಣಗಳನ್ನು ತಗೊಳ್ಳಿ ಎಂದು ಅಂಗಡಿಗೆ ಒಯ್ದೆ. ‘ವಾಪಸ್ ತಗೊಳ್ಳಂಗಿಲ್ರೀ’ ಎಂದರು. ಹನ್ನೆರಡು ಪೊಟ್ಟಣ, ಏಳು ಲಕ್ಷ ಇಪ್ಪತ್ತು ಸಾವಿರ ಯುನಿಟ್, ನನ್ನ ಟ್ರಂಕಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ; ಮುಂದಿನ ಸಲ ಬೆಳಗಾವಿಗೆ ಹೋದಾಗ ಡಾಕ್ಟರಿಗೇ ಒಪ್ಪಿಸಬೇಕು.